ಇನ್ನೂರ ಹದಿನಾಲ್ಕನೇ ಕಲ್ಲು

ಹನ್ನೊಂದು ವರ್ಷ ನಾನು ಆ ಸುಳ್ಳನ್ನು ಹೇಳಿದ್ದೇನೆ, ಅದೂ ನಗುನಗುತ್ತಾ. ಅದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಬೇರೆಯವರನ್ನು ಬೈಯುವುದು ಆಮೇಲೆ.

ನಮ್ಮ ಕೋಟೆ ನೋಡಲು ಬಂದವರಿಗೆ ಊರು ತೋರಿಸುವವರು ನಾವು ಹದಿನಾರು ಜನ. ಎಲ್ಲರೂ ನಿವೃತ್ತರು. ಸಂಬಳವಿಲ್ಲ, ಒಂದು ಹಳದಿ ಜಾಕೆಟ್ ಕೊಟ್ಟಿದ್ದಾರೆ. ತೆಂಕಣ ಗೋಡೆಯ ಹತ್ತಿರ ಬಂದಾಗ ನಾನು ಮೇಲೆ ಕೈ ತೋರಿಸಿ, "ಅಗೋ, ಕಲ್ಲುಗಳ ಮಧ್ಯೆ ತಲೆಕೆಳಗಾಗಿ ಇದಾನಲ್ಲ, ಅವನೇ ನಮ್ಮ ಜಿಜೊ. ಮಕ್ಕಳನ್ನ ಕಾಯೋ ದೇವರು. ದೊರೆಗೆ ಗೋಡೆ ಕಟ್ಟೋಕೆ ಕಲ್ಲು ಸಾಲಲಿಲ್ಲ ಅಂತ ತಾನೇ ಉರುಳ್ಕೊಂಡು ಬಂದ. ಅವಸರ ನೋಡಿ, ತಲೆಕೆಳಗಾದ!" ಎನ್ನುತ್ತಿದ್ದೆ. ಜನ ನಗುತ್ತಿದ್ದರು. ಫೋನು ತಿರುಗಿಸಿ ಹಿಡಿದು ಫೋಟೊ ತೆಗೆಯುತ್ತಿದ್ದರು. ಪಕ್ಕದ ಅಂಗಡಿಯಲ್ಲಿ ತಲೆಕೆಳಗಾದ ಜಿಜೊನ ಬಿಸ್ಕತ್ತು ಸಿಗುತ್ತದೆ. ಅದನ್ನು ಕೊಂಡು ತಿನ್ನುತ್ತಾ ಬಸ್ಸು ಹತ್ತುತ್ತಿದ್ದರು.

ಮೂರು ವರ್ಷದ ಹಿಂದೆ ಭೂಮಿ ನಡುಗಿ ಆ ಗೋಡೆ ಹೊಟ್ಟೆ ಉಬ್ಬಿಸಿ ನಿಂತಿತು. ಒಂದೊಂದು ಕಲ್ಲಿಗೂ ಬಿಳಿ ಬಣ್ಣದಲ್ಲಿ ನಂಬರು ಬರೆದು ಬಿಚ್ಚತೊಡಗಿದರು. ಜಿಜೊನ ನಂಬರು ಇನ್ನೂರ ಹದಿನಾಲ್ಕು. ಹೊರಗೆಳೆದು ನೆಟ್ಟಗೆ ನಿಲ್ಲಿಸಿದಾಗ ಬೆನ್ನಿನಲ್ಲಿ ಅಕ್ಷರ ಕಂಡಿತು. ವಸ್ತುಸಂಗ್ರಹಾಲಯದ ಹೆಂಗಸು ಬ್ರಷ್ಷಿನಿಂದ ಮಣ್ಣು ಕೊಡವಿ ಗಟ್ಟಿಯಾಗಿ ಓದಿದಳು: "ಹೆಣ್ಣು ಮಗು. ಮೂರು ವರ್ಷ. ತಾಯಿ ನಿಲ್ಲಿಸಿದ್ದು. ಮಿಜೊನೊ ಕೇರಿ."

ಮಿಜೊನೊ ನದಿಯಾಚೆಯ ಕೇರಿ, ನಾನು ಹುಟ್ಟಿದ್ದು ಅಲ್ಲೇ. ಸತ್ತ ಮಗುವಿನ ಗೋರಿಗೆ ಜಿಜೊನ ಕಲ್ಲು ನಿಲ್ಲಿಸುವುದು ನಮ್ಮ ಕಡೆಯ ರೂಢಿ. ಅದು ಒಂದು ಮಗುವಿನ ಗೋರಿ. ತಾನೇ ಉರುಳಿಕೊಂಡು ಬಂತಂತೆ! ನನ್ನ ಬಾಯಿಗಿಷ್ಟು ಮಣ್ಣು ಹಾಕ. ಆ ದಿನ ಮನೆಗೆ ಹೋಗಿ ಅನ್ನ ಮುಟ್ಟಲಿಲ್ಲ.

ಎರಡು ವರ್ಷ ಆ ಕಲ್ಲು ಕೋಟೆಯ ಪಾರ್ಕಿಂಗ್ ಪಕ್ಕದ ಅಂಗಳದಲ್ಲಿ ನೆಟ್ಟಗೆ ನಿಂತಿತ್ತು. ನಮ್ಮ ಕೇರಿಯ ಹೆಂಗಸರು ಜಿಜೊಗೆ ಕಟ್ಟುವ ಕೆಂಪು ಎದೆಬಟ್ಟೆ ಹೊಲಿದು ಕಟ್ಟಿದೆವು. ತೊಂಬತ್ತು ದಾಟಿದ ಚಿಯೊನೊಕ್ಕ ದಿನಾ ಸೇತುವೆ ದಾಟಿ ಬಂದು ಒಂದು ಲೋಟ ನೀರಿಟ್ಟು ಹೋಗುತ್ತಿದ್ದಳು. ಹಿಮ ಬಿದ್ದರೆ ಹುಲ್ಲಿನ ಟೋಪಿ. ಮುಖ ಸವೆದಿದ್ದರೂ ನೆಟ್ಟಗೆ ನಿಂತಾಗಲೇ ಗೊತ್ತಾಗಿದ್ದು, ಅದು ನಗುತ್ತಿತ್ತು.

ಗೋಡೆಯನ್ನು ಮತ್ತೆ ಕಟ್ಟುವ ಹೊತ್ತು ಬಂತು. ನಗರಸಭೆಯವರು ನಮ್ಮ ಕೇರಿಯವರನ್ನೆಲ್ಲ ಸಭೆಗೆ ಕರೆದರು. ಕೋಟೆಯ ಉಸ್ತುವಾರಿ ಸುಗಾವಾ ಎಂಬ ಮೂವತ್ತರ ಹುಡುಗನದು. ಬಾಯಿ ತೆರೆದರೆ ಬೆಣ್ಣೆ.

"ಹೇಗಿತ್ತೋ ಹಾಗೇ ಇಡಬೇಕು ಅಜ್ಜಿ, ಅದು ನಿಯಮ. ಒಂದು ಬೆರಳಷ್ಟೂ ಆಚೀಚೆ ಆಗೋ ಹಾಗಿಲ್ಲ" ಎಂದ.

"ನಾನ್ಯಾವ ಕಡೆಯಿಂದಪ್ಪಾ ನಿನಗೆ ಅಜ್ಜಿ? ಹೇಗಿತ್ತೋ ಹಾಗೆ ಅಂದ್ರೆ ಯಾವಾಗ ಇದ್ದ ಹಾಗೆ? ನಾನೂರು ವರ್ಷದ ಹಿಂದೆ ಅದು ನಮ್ಮ ಕೇರಿ ದಾರೀಲಿ ನೆಟ್ಟಗೆ ನಿಂತಿತ್ತು. ಹಿಂದಕ್ಕೆ ಹೋಗೋದೇ ಆದ್ರೆ ಅಲ್ಲೀ ತನಕ ಹೋಗು."

"ಕೋಟೆ ಕಟ್ಟಿದಾಗ ಹೇಗಿತ್ತು ಅನ್ನೋದಷ್ಟೇ ನಮಗೆ ಮುಖ್ಯ."

"ಹಂಗಾದ್ರೆ ಮೇಲಿರೋ ಗೋಪುರ? ನಾನು ಮೂರನೇ ಕ್ಲಾಸಲ್ಲಿದ್ದಾಗ ಸಿಮೆಂಟು ಸುರಿದು ಕಟ್ಟಿದ್ರು. ದೊರೆ ಲಿಫ್ಟಲ್ಲಿ ಹತ್ತುತಿದ್ನೇನು?"

ಸಭೆ ಗೊಳ್ಳೆಂದು ನಕ್ಕಿತು. ಸುಗಾವಾ ನಗಲಿಲ್ಲ. ತಲೆ ತಗ್ಗಿಸಿ, "ನಿಮ್ಮ ಕೇರಿಗೆ ಅದೇ ಥರದ್ದೊಂದು ಕೆತ್ತಿಸಿ ಕೊಡ್ತೀವಿ. ನೆಟ್ಟಗೆ ನಿಲ್ಲಿಸಿ ಪೂಜೆ ಮಾಡ್ಕೊಳ್ಳಿ" ಎಂದ.

"ನಕಲನ್ನ ಗೋಡೆಗೆ ಹಾಕು. ಗೋರಿನ ನಮಗೆ ಕೊಡು."

"ನಕಲು ನೋಡೋಕೆ ಯಾರು ಬರ್ತಾರೆ ಅಜ್ಜಿ?"

ನಿಯಮದ ಬಂಡವಾಳ ಅಲ್ಲಿ ಬಯಲಾಯಿತು. ಕಲ್ಲನ್ನು ಮತ್ತೆ ಗೋಡೆಗೆ ಇಡುವುದು ಬೇಡ ಎನ್ನುವವರು ಕೈ ಎತ್ತಿ ಎಂದರು. ಕೇರಿಯವರೆಲ್ಲ ಎತ್ತಿದೆವು, ಚಿಯೊನೊಕ್ಕ ಎರಡೂ ಕೈ ಎತ್ತಿದಳು. ನಿಮ್ಮ ಅಭಿಪ್ರಾಯ ದಾಖಲಾಗಿದೆ ಎಂದು ಚಹಾ ಕೊಟ್ಟು ಕಳಿಸಿದರು.

ಕಲ್ಲು ಕೂರಿಸುವ ದಿನ ಮೇಸ್ತ್ರಿ ಓಗಾವರ ಎಂಬವನು ನಮಗೆ ಹೇಳಿಕಳಿಸಿದ್ದ. ಮೂರು ತಲೆಮಾರಿನಿಂದ ಅದೇ ಕೆಲಸದವನು. ಎದೆಬಟ್ಟೆಯನ್ನು ಎರಡೂ ಕೈಯಿಂದ ಬಿಚ್ಚಿ, ಮಡಿಸಿ, ಚಿಯೊನೊಕ್ಕನಿಗೆ ಕೊಟ್ಟ. ಕಲ್ಲಿನ ಮುಂದೆ ಮಂಡಿಯೂರಿ ಹಣೆಯನ್ನು ನೆಲಕ್ಕೆ ತಾಗಿಸಿದ.

ನನಗೆ ಉರಿದುಹೋಯಿತು. "ನಿನ್ನ ನಮಸ್ಕಾರ ಯಾರಿಗೆ ಬೇಕು? ತಿರುಗಿಸಿ ಇಡು."

"ಆಗಲ್ಲಕ್ಕ. ನನ್ನ ಕೈಕೆಳಗೆ ಹನ್ನೆರಡು ಜನ ಇದಾರೆ. ಅವರ ಅನ್ನ ಹೋಗತ್ತೆ." ಆಮೇಲೆ ಹತ್ತಿರ ಬಂದು ದನಿ ತಗ್ಗಿಸಿದ. "ಮೇಲಿನ ಕಲ್ಲು ಅಕ್ಕಪಕ್ಕದ ಎರಡು ಕಲ್ಲಿನ ಮೇಲೆ ಕೂರೋ ಹಾಗೆ ಮಾಡ್ತೀನಿ. ನಡುವೆ ಒಂದು ಅಕ್ಕಿಕಾಳಿನಷ್ಟು ಸಂದಿ ಬಿಡ್ತೀನಿ. ಮಗು ಮೇಲೆ ಇನ್ನು ಭಾರ ಇರಲ್ಲ. ಇದನ್ನ ಯಾರಿಗೂ ಹೇಳಬೇಡಿ."

ಅವನ ಮೇಲಿನ ಸಿಟ್ಟು ಅಲ್ಲಿಗೆ ಮುಗಿಯಿತು. ಉಳಿದವರ ಮೇಲಿನದು ಹಾಗೇ ಇತ್ತು. ಹಗ್ಗ ಬಿಗಿದು ಕಲ್ಲನ್ನು ಬುಡಮೇಲು ಮಾಡಿದಾಗ ಚಿಯೊನೊಕ್ಕ ಆ ಬಟ್ಟೆಯಲ್ಲಿ ಮುಖ ಮುಚ್ಚಿಕೊಂಡಳು.

ಶರತ್ಕಾಲದಲ್ಲಿ ಉದ್ಘಾಟನೆಯಾಯಿತು. ಮೇಯರ್, ಟೀವಿಯವರು, ಐದು ಬಸ್ಸು ಜನ. ಜಿಜೊನ ವೇಷ ತೊಟ್ಟವನೊಬ್ಬ ಕುಣಿಯುತ್ತಿದ್ದ. ಪಾಪ, ತಲೆಕೆಳಗಾಗಿ ನಡೆಯಲು ಬರುವುದಿಲ್ಲವಲ್ಲ, ಅವನ ಮುಖವಾಡದಲ್ಲಿ ಕಣ್ಣು ಕೆಳಗೆ, ಬಾಯಿ ಮೇಲೆ ಬರೆದಿದ್ದರು. ಜನರನ್ನು ನಗಿಸುವುದು ನನಗೆ ಬರುತ್ತದೆಂದು ನನ್ನನ್ನೇ ಕರೆಸಿದ್ದರು. ಸುಗಾವಾ ಮೈಕು ಕೈಗಿತ್ತು, "ಹಳೇ ಕತೇನೇ ಸಾಕು ಅಜ್ಜಿ. ಎರಡೇ ನಿಮಿಷ" ಎಂದ.

"ನಾನು ನಿಮಗೆಲ್ಲ ಹನ್ನೊಂದು ವರ್ಷ ಸುಳ್ಳು ಹೇಳಿದೀನಿ" ಎಂದು ಶುರುಮಾಡಿದೆ. ಜನ ನಗಲು ತಯಾರಾಗಿದ್ದರು, ನಕ್ಕರು. "ಇದು ತಾನಾಗಿ ಬಂದಿದ್ದಲ್ಲ. ಇದು ಗೋರಿ. ಬೆನ್ನ ಮೇಲೆ ಬರೆದಿದೆ, ಈಗ ನಿಮಗೆ ಕಾಣಲ್ಲ. ಹೆಣ್ಣು ಮಗು, ಮೂರು ವರ್ಷ, ತಾಯಿ ನಿಲ್ಲಿಸಿದ್ದು. ದೊರೆಯ ಆಳುಗಳು ನಮ್ಮ ಕೇರಿಯಿಂದ..."

ಮೈಕು ಸತ್ತಿತು. ತಂತಿ ಕಿತ್ತ ಪುಣ್ಯಾತ್ಮ ಯಾರೋ. ನದಿಯ ಈ ದಡದಿಂದ ಆ ದಡಕ್ಕೆ ಕೂಗಿ ಮಕ್ಕಳನ್ನು ಊಟಕ್ಕೆ ಕರೆದ ಗಂಟಲು ನನ್ನದು. ಮೈಕನ್ನು ಸುಗಾವಾನ ಕೈಗೆ ವಾಪಸು ಕೊಟ್ಟೆ.

"ಆಗ ಕಿತ್ತುಕೊಂಡು ಹೋದೋರು ಆ ತಾಯಿನ ಒಂದು ಮಾತು ಕೇಳಿರಲಿಲ್ಲ" ಎಂದೆ. "ಇವರು ನಮ್ಮನ್ನ ಕರೆದು ಕೂರಿಸಿ ಕೇಳಿದ್ರು. ಬೇಡ ಅಂದ್ವಿ. ಆದ್ರೂ ಇಟ್ರು."