ನಾಲ್ಕನೇ ಚೌಕ

"ಮತ್ತೆ ಬೆನ್ನು," ಎಂದು ತಂಗಿ ಹಾಳೆಯನ್ನು ಮೇಜಿನ ಮೇಲಿಟ್ಟಳು. ನಾಲ್ಕನೇ ಚೌಕದಲ್ಲಿ ಡ್ರೈವರಮ್ಮ ಬಸ್ ನಿಲ್ಲಿಸಿ ಈ ಕಡೆ ತಿರುಗುತ್ತಾಳೆ ಎಂದು ಅವಳು ಸ್ಪಷ್ಟವಾಗಿ ಬರೆದಿದ್ದಳು. ಅಣ್ಣ ಬಿಡಿಸಿದ್ದು ಒಂದು ಜಡೆ, ಒಂದು ಕತ್ತು, ಸ್ಟೀರಿಂಗ್ ಹಿಡಿದ ತೋಳು.

ಹನ್ನೊಂದು ವರ್ಷದಿಂದ ಅಣ್ಣ ತಂಗಿ ಸೇರಿ ವಾರಪತ್ರಿಕೆಗೆ ಡ್ರೈವರಮ್ಮನ ಈ ಕಾಮಿಕ್ಸ್ ಮಾಡುತ್ತಿದ್ದರು. ತಂಗಿಯ ಸ್ಕ್ರಿಪ್ಟು, ಅಣ್ಣನ ಚಿತ್ರ. ಸ್ಕ್ರಿಪ್ಟೆಂದರೆ ಪಾತ್ರಗಳ ಬಾಯಿಂದ ಹೊರಡುವ ಬಲೂನಿನೊಳಗಿನ ಮಾತಷ್ಟೇ ಅಲ್ಲ. ಯಾವ ಚೌಕದಲ್ಲಿ ಯಾರು ಎಲ್ಲಿದ್ದಾರೆ, ಏನು ಕಾಣಬೇಕು ಎಂಬುದೆಲ್ಲ ಅದರಲ್ಲಿರುತ್ತದೆ. ಅಚ್ಚಾಗದ ಆ ಸಾಲುಗಳಿಗೆ ಇದ್ದ ಒಬ್ಬನೇ ಓದುಗ ಅಣ್ಣ. ಡ್ರೈವರಮ್ಮನಿಗೆ ಅವನು ಕೊಟ್ಟದ್ದು ತನ್ನ ಹೆಂಡತಿಯ, ತಂಗಿಯ ಅತ್ತಿಗೆಯ, ಮುಖ. ಸೈಕಲ್ ತುಳಿಯಲೂ ಬಾರದವಳ ಕೈಗೆ ಬಸ್ ಕೊಟ್ಟಿದ್ದೀರಲ್ಲ, ಪ್ರಯಾಣಿಕರ ಗತಿಯೇನು ಎಂದು ಅತ್ತಿಗೆ ನಗುತ್ತಿದ್ದಳು.

ಅವಳು ತೀರಿಕೊಂಡು ನಾಲ್ಕು ತಿಂಗಳು. ಅಂದಿನಿಂದ ಡ್ರೈವರಮ್ಮ ಯಾರಿಗೂ ಮುಖ ತೋರಿಸಿಲ್ಲ. ತಂಗಿ ಕೈಲಾದಷ್ಟು ತೇಪೆ ಹಚ್ಚಿದಳು: ಕಥೆಯಲ್ಲಿ ಒಂದು ವಾರ ಮಂಜು ಸುರಿಸಿದಳು, ಇನ್ನೊಂದು ವಾರ ಬಸ್ಸಿನ ದೀಪ ಕೆಡಿಸಿದಳು. ಇವತ್ತು ಬೆಳಿಗ್ಗೆ ಸಂಪಾದಕರು ಫೋನ್ ಮಾಡಿ, ಸಂಜೆ ನಾಲ್ಕರೊಳಗೆ ಮುಖ ಬರದಿದ್ದರೆ ಮುಂದಿನ ವಾರದಿಂದ ಬೇರೆ ಕಲಾವಿದ ಎಂದಿದ್ದರು. ಬೇರೆಯವನು ಬಂದರೆ ಬೇರೆ ಮುಖ. ಅತ್ತಿಗೆಯನ್ನು ಇನ್ನೊಂದು ಸಲ ಕಳಿಸಿಕೊಡುವ ಶಕ್ತಿ ತಂಗಿಗಿರಲಿಲ್ಲ.

"ಸಂಕಟ ಆಗತ್ತೆ ಅಂತ ಗೊತ್ತು. ಒಂದೇ ಒಂದು ಸಲ ಬಿಡಿಸು," ಎಂದಳು.

"ಸಂಕಟ ಅಲ್ಲ." ಅಣ್ಣ ಪೆನ್ಸಿಲ್ ಕೆಳಗಿಟ್ಟ. "ಮುಖ ನೆನಪಿಗೇ ಬರ್ತಿಲ್ಲ."

ಫೋಟೋಗಳನ್ನು ನೋಡಿ ನೋಡಿ ಅವನು ಆಗಲೇ ಸೋತಿದ್ದ. ಅವುಗಳಲ್ಲಿ ಇದ್ದವಳು ಕ್ಯಾಮೆರಾಕ್ಕೆಂದು ತುಟಿ ಬಿಗಿದು, ಕೂದಲನ್ನು ಹುಬ್ಬು ಮುಚ್ಚುವಂತೆ ಎಳೆದುಕೊಂಡು ನಿಂತ ಯಾರೋ. ಹಳೆಯ ಸಂಚಿಕೆಗಳಲ್ಲಿದ್ದದ್ದು ಅವನ ಕೈಗೆ ರೂಢಿಯಾದ ಗೆರೆ, ಅವಳಲ್ಲ.

ತಂಗಿ ಸ್ಕ್ರಿಪ್ಟನ್ನು ಎಳೆದುಕೊಂಡಳು. ಒಂದು ಚೌಕಕ್ಕೆ ಎರಡೇ ಸಾಲು ಎಂಬ ತನ್ನ ನಿಯಮವನ್ನು ಮುರಿದು ಪುಟಗಟ್ಟಲೆ ಬರೆದಳು. ನಗುವ ಮುಂಚೆ ಮೂಗು ಅರಳುತ್ತದೆ. ಕೇಳಿಸದಿದ್ದಾಗ ಗದ್ದ ಮುಂದೆ ಬರುತ್ತದೆ. ಹುಬ್ಬಿನ ಮೇಲೆ ಗಾಯದ ಗುರುತು, ಚಿಕ್ಕಂದಿನಲ್ಲಿ ಬಾಗಿಲು ಬಡಿದದ್ದು. ಓದುತ್ತಲೇ ಅಣ್ಣ ಪೆನ್ಸಿಲ್ ಎತ್ತಿಕೊಂಡ. ಮೂಗು ಬಂತು, ಗದ್ದ ಬಂತು.

"ಗಾಯ ಯಾವ ಕಡೆ? ಎಡಕ್ಕಾ, ಬಲಕ್ಕಾ?"

ಅವಳು ತನ್ನ ಎಡ ಹುಬ್ಬು ಮುಟ್ಟಿಕೊಂಡಳು, ಆಮೇಲೆ ಬಲ ಹುಬ್ಬು. ಇಬ್ಬರೂ ಹಳೆಯ ಸಂಚಿಕೆಗಳನ್ನು ನೆಲದ ಮೇಲೆ ಹರಡಿದರು. ಬಲೂನಿಗೆ ಜಾಗ ಸಾಲದಾಗಲೆಲ್ಲ ಅಣ್ಣ ಮುಖವನ್ನು ಕನ್ನಡಿಯಲ್ಲಿ ಕಂಡಂತೆ ಎಡಬಲ ತಿರುಗಿಸಿ ಅಚ್ಚಿಗೆ ಕಳಿಸಿದ್ದ. ಗಾಯ ಒಂದು ವಾರ ಎಡಕ್ಕೆ, ಇನ್ನೊಂದು ವಾರ ಬಲಕ್ಕೆ. ಅಣ್ಣ ಬಿಡಿಸಿದ್ದಷ್ಟನ್ನೂ ರಬ್ಬರಿನಿಂದ ತಿಕ್ಕಿ ತೆಗೆದ.

"ಹದಿಮೂರು ವರ್ಷ ಪಕ್ಕದಲ್ಲೇ ಇದ್ಲಲ್ಲೇ," ಎಂದ.

ಮೂರೂವರೆಯಾಗಿತ್ತು. ತಂಗಿ ಬರೆದದ್ದನ್ನೆಲ್ಲ ಹೊಡೆದುಹಾಕಿ, ಒಂದೇ ಸಾಲು ಬರೆದು ಹಾಳೆಯನ್ನು ಅವನ ಮುಂದೆ ದೂಡಿದಳು: ಈ ಕಡೆ ತಿರುಗುತ್ತಾಳೆ, ಕೈ ಮುಖದ ಮೇಲಿದೆ.

ಅಣ್ಣ ಎರಡು ಸಲ ಓದಿದ. "ಯಾವ ಕೈ?"

"ಎರಡೂ."

ಅವನು ಬೆರಳುಗಳಿಂದ ಶುರು ಮಾಡಿದ. ಅತ್ತಿಗೆಯ ಮೊಟಕು ಉಗುರು, ಹೊಲಿಗೆಯ ಸೂಜಿ ಚುಚ್ಚಿ ಒರಟಾದ ತೋರುಬೆರಳ ತುದಿ, ಗೆಣ್ಣಿನ ಗೆರೆಗಳು. ಇವಕ್ಕೆ ಯಾರನ್ನೂ ಏನನ್ನೂ ಕೇಳಬೇಕಾಗಲಿಲ್ಲ. ತಂಗಿ ಆ ಚೌಕದ ಬಲೂನಿನೊಳಗಿನ ಮಾತನ್ನು ಅಳಿಸಿದಳು. ಫೋನ್ ಬಡಿದುಕೊಳ್ಳತೊಡಗಿತು. ಕಿರುಬೆರಳೊಂದು ಇನ್ನೂ ಬಾಕಿಯಿತ್ತು.