ಕೋಚ್ ಟ್ಯಾಡನ್ ಬಿಟ್ಟುಕೊಟ್ಟ ಆಟಗಾರ

ಅಮೆರಿಕದ ಅಯೋವಾದ ಎಲ್ಕ್ ಫೋರ್ಡ್ ಎಂಬ ಊರಿನ ಪುಟ್ಟ ಕಾಲೇಜಿನಲ್ಲಿ ಆರ್ವಿಲ್ ಟ್ಯಾಡನ್ ಫುಟ್‌ಬಾಲ್ ಕೋಚ್; ಹೆಲ್ಮೆಟ್ ತೊಟ್ಟು ಆಡುವ ಅಮೆರಿಕದ ಫುಟ್‌ಬಾಲು. ಕೋಚ್ ಎಂದರೆ ಬರೀ ಕೋಚ್ ಅಲ್ಲ. ಮೈದಾನಕ್ಕೆ ಸುಣ್ಣದ ಗೆರೆ ಎಳೆಯುವವನೂ ಅವನೇ, ತಂಡದ ಬಸ್ಸು ಓಡಿಸುವವನೂ ಅವನೇ, ಹುಡುಗರ ಕೆಸರು ಮೆತ್ತಿದ ಅಂಗಿ ಒಗೆಯುವವನೂ ಅವನೇ. ಒಂದು ವರ್ಷ ಇದ್ದು ದೊಡ್ಡ ವಿಶ್ವವಿದ್ಯಾಲಯಕ್ಕೆ ಹಾರುತ್ತೇನೆ ಎಂದು ಬಂದವನ ತಲೆ ಇಲ್ಲೇ ನರೆತಿತ್ತು. ಸೋಲಂತೂ ಹಳೇ ಬೂಟಿನ ಹಾಗೆ ಕಾಲಿಗೆ ಹೊಂದಿಕೊಂಡುಬಿಟ್ಟಿತ್ತು.

ಆ ಅಕ್ಟೋಬರಿನಲ್ಲಿ, ಕಂಬಗಳ ನಡುವೆ ಚೆಂಡು ಒದ್ದು ಅಂಕ ತರುತ್ತಿದ್ದ ಹುಡುಗ ಕೊಟ್ಟಿಗೆಯ ಮಾಡಿನಿಂದ ಜಾರಿ ಕಾಲು ಮುರಿದುಕೊಂಡ. ಬದಲಿಗೆ ನಿಂತವನು ಒದ್ದ ಚೆಂಡು ಎತ್ತಲೋ ಹೋಗಿ ಸಂಗೀತ ವಿಭಾಗದ ಅಂಗಳಕ್ಕೆ ಬಿತ್ತು. ಟ್ಯಾಡನ್ ನಿಟ್ಟುಸಿರು ಬಿಡುವಷ್ಟರಲ್ಲಿ ಆ ಮೊಟ್ಟೆಯಾಕಾರದ ಚೆಂಡು ಆ ಕಟ್ಟಡದ ಮಾಡಿನ ಮೇಲಿಂದ ಹಾರಿ ಬಂದು ಕಂಬಗಳ ನಟ್ಟನಡುವೆ ದಾಟಿತು.

ಅವನು ಏದುಸಿರು ಬಿಡುತ್ತ ಓಡಿದ. ಅಂಗಳದಲ್ಲಿ ಗಾಯನದ ಟೀಚರ್ ಸೋಲ್ವೇಗ್ ಬ್ರೆಕ್ಕೆ, ಪಕ್ಕದಲ್ಲೊಬ್ಬ ಕಡ್ಡಿಯಂಥ ಹುಡುಗ.

“ಯಾರು ಒದ್ದಿದ್ದು?”

“ನಮ್ಮ ಮೈಲೋ. ಇವನ ಕಂಠ ಇಲ್ದೆ ನಮ್ಮ ತಂಡ ಹಾಡೋ ಹಾಗಿಲ್ಲ. ಆಸೆಗಣ್ಣು ಬಿಡ್ಬೇಡಿ ಕೋಚ್.”

“ಶನಿವಾರ ಮಾತ್ರ ಕೊಡಿ ಮೇಡಂ. ಒದೆಯೋದು ಕಾಲು ತಾನೇ, ಗಂಟಲಿಗೇನಾಗತ್ತೆ?”

ಬ್ರೆಕ್ಕೆ ಕನ್ನಡಕ ಏರಿಸಿ ಮೈದಾನದ ಕಡೆ ನೋಡಿದಳು. “ಅಲ್ಲಿ ಗೂಳಿ ಥರ ಕೂಗ್ತಿದ್ದಾನಲ್ಲ, ಯಾರವನು?”

“ಗಸ್ ಹಾರ್ಮ್ಸ್. ನಮ್ಮ ತಂಡದ ಗೋಡೆ.”

“ಆ ಗೋಡೆ ಕೂಗಿದ್ರೆ ನನ್ನ ಕಿಟಕಿ ಗಾಜೆಲ್ಲ ನಡುಗತ್ತೆ. ಗುರುವಾರ ಸಂಜೆ ಅವನನ್ನ ನನಗೆ ಕೊಡಿ, ಮೈಲೋನ ಕರ್ಕೊಂಡು ಹೋಗಿ.”

ತೌಡು ಕೊಟ್ಟು ಅಕ್ಕಿ ತಂದೆನೆಂದು ಟ್ಯಾಡನ್ ಒಳಗೊಳಗೇ ಬೀಗಿದ. ಮೈಲೋ ಒದ್ದದ್ದೆಲ್ಲ ಗುರಿ ಮುಟ್ಟಿತು. ತಂಡ ಸಾಲಾಗಿ ಗೆದ್ದಿತು. ಕ್ಷೌರದಂಗಡಿಗೆ ಹೋದರೆ ಜನ ಎದ್ದು ಅವನಿಗೆ ಕುರ್ಚಿ ಬಿಟ್ಟುಕೊಟ್ಟರು.

ಕೊನೆಯ ಪಂದ್ಯ ಮುಗಿದ ಮೇಲೆ, ಅವನು ಅಂಗಿ ಒಗೆಯುತ್ತಿದ್ದಲ್ಲಿಗೆ ಗಸ್ ಬಂದು ಬಾಗಿಲಿಗೆ ಅಡ್ಡಲಾಗಿ ನಿಂತ.

“ಕೋಚ್, ಮುಂದಿನ ವರ್ಷ ನಾನು ಆಡಲ್ಲ. ಹಾಡ್ತೀನಿ.”

“ಆಡ್ತಾನೇ ಹಾಡೋ ಮಾರಾಯ.”

“ಆಗಲ್ಲ, ದಿನಾ ಅಭ್ಯಾಸ ಇರತ್ತೆ. ಅಪ್ಪನಿಗೆ ಹೇಳೋಕೆ ನನಗೆ ಧೈರ್ಯ ಇಲ್ಲ. ನೀವೇ ಹೇಳ್ಬೇಕು.”

ಟ್ಯಾಡನ್ ಒಗೆಯುವ ಯಂತ್ರದ ಮುಚ್ಚಳವನ್ನು ದಡಾರನೆ ಹಾಕಿದ. ಮರುದಿನ ಸಂಜೆ, ಬ್ರೆಕ್ಕೆಯ ಜೊತೆ ಜಗಳ ಆಡಿಯೇ ಬಿಡುತ್ತೇನೆಂದು ಸಂಗೀತದ ಕೋಣೆಯವರೆಗೂ ಹೋದ. ಒಳಗೆ ಗಸ್ ಒಬ್ಬನೇ ಹಾಡುತ್ತಿದ್ದ. ನೆಲದಡಿಯಿಂದ ಎದ್ದಂಥ ಆ ಸ್ವರ ಟ್ಯಾಡನ್ನನ ಅಂಗಾಲಿಗೆ ಮೊದಲು ತಾಗಿ ಆಮೇಲೆ ಕಿವಿಗೆ ಬಂತು. ಬಾಯಿಗೆ ಬಂದ ಬೈಗುಳ ಅಲ್ಲೇ ನಿಂತಿತು. ಸದ್ದಿಲ್ಲದೆ ಹಿಂತಿರುಗಿ ಟ್ರಕ್ಕು ಹತ್ತಿ ಗಸ್‌ನ ಮನೆಗೆ ಹೊರಟ.

ಗಸ್‌ನ ಅಪ್ಪ ಲಬ್ಬರ್ಟ್ ಹಂದಿಗಳಿಗೆ ಜೋಳ ಹಾಕುತ್ತಿದ್ದ. ಮಗನ ಒಂದೇ ಒಂದು ಆಟವನ್ನೂ ತಪ್ಪಿಸಿಕೊಂಡ ಮನುಷ್ಯನಲ್ಲ.

“ಹಾಡೋದಾ?” ಎಂದ, ಸುದ್ದಿ ಕೇಳಿ.

“ಶಿಸ್ತು ಕಲೀತಾನೆ. ನಾಲ್ಕು ಜನರ ಜೊತೆ ಹೊಂದ್ಕೊಂಡು ಹೋಗೋದು ಕಲೀತಾನೆ.”

“ಫುಟ್‌ಬಾಲಿಗೆ ಸೇರಿಸ್ಕೊಳ್ಳೋಕೆ ಬಂದಾಗ್ಲೂ ಇದನ್ನೇ ಹೇಳಿದ್ರಲ್ಲ ನೀವು.”

“ಹೇಳಿದ್ದೆ. ಅದೂ ನಿಜ, ಇದೂ ನಿಜ. ಅವನ ಸ್ವರ ಕೇಳಿದೆ ಲಬ್ಬರ್ಟ್. ಅದನ್ನ ಹೆಲ್ಮೆಟ್ಟಿನೊಳಗೆ ಮುಚ್ಚಿಡೋದು ತಪ್ಪು.”

ಲಬ್ಬರ್ಟ್ ಉಳಿದ ಜೋಳವನ್ನೆಲ್ಲ ಹಂದಿಗಳಿಗೆ ಸುರಿದ. “ಹಾಡಿನಲ್ಲಿ ಸೋಲು ಇರತ್ತಾ?”

“ಇರಲ್ಲ.”

“ಹಾಗಾದ್ರೆ ಹೋಗ್ಲಿ ಬಿಡಿ. ನಿಮ್ಮ ದಯದಿಂದ ಸೋಲನ್ನ ಬೇಕಾದಷ್ಟು ನೋಡಿದ್ದೀವಿ.”

ಟ್ಯಾಡನ್ ಬೇಲಿ ಹಿಡಿದುಕೊಂಡು ನಕ್ಕ.

ಕ್ರಿಸ್‌ಮಸ್ ಗಾಯನಕ್ಕೆ ಇಬ್ಬರೂ ಚರ್ಚಿನಲ್ಲಿ ಅಕ್ಕಪಕ್ಕ ಕೂತರು. ಗಸ್ ಮುಂದೆ ಬಂದು ಒಬ್ಬನೇ ಹಾಡತೊಡಗಿದ. ಸ್ವರ ಇನ್ನೇನು ಏರಬೇಕು, ಲಬ್ಬರ್ಟ್ ಎದ್ದು ನಿಂತು, “ತಳ್ಳೋ ಮಗಾ, ತಳ್ಳು” ಎಂದು ಮೈದಾನದಲ್ಲಿ ಕೂಗುವ ಹಾಗೆಯೇ ಕೂಗಿದ. ಹಾಡಿಗೆ ತಾಳ ತೋರಿಸುತ್ತಿದ್ದ ಬ್ರೆಕ್ಕೆ ಕೈ ಬೀಸುತ್ತಲೇ ತಿರುಗಿ ದುರುಗುಟ್ಟಿದಳು. ಟ್ಯಾಡನ್ ಅವನ ಕೋಟು ಜಗ್ಗಿ ಕೂರಿಸಿದ.

“ಮುಗಿದ ಮೇಲೆ ಕೂಗ್ಬೇಕು.”

“ಮುಗೀತು ಅಂತ ಹೇಗೆ ಗೊತ್ತಾಗತ್ತೆ?”

ಅದು ಟ್ಯಾಡನ್ನನಿಗೂ ಗೊತ್ತಿರಲಿಲ್ಲ. ಬ್ರೆಕ್ಕೆ ಕೈ ಇಳಿಸುವುದನ್ನೇ ಕಾಯುತ್ತ ಇಬ್ಬರೂ ಕೂಗಲು ಸಿದ್ಧರಾಗಿ ಕೂತರು.