ಖಾಲಿ ಬಿಡಬಾರದ ಎರಡು ವರ್ಷ

ಮಾಗಡಿಯ ಹೊರಗಿದ್ದ ಗಾರ್ಮೆಂಟ್ಸ್ ಮುಚ್ಚಿದಾಗ ಮುನಿರತ್ನಮ್ಮನಿಗೆ ನಲವತ್ತು ದಾಟಿತ್ತು. ಹೆಸರಿಗೆ ಟೈಲರ್, ಆದರೆ ಹೊಲಿಗೆ ಮಿಷನ್‌ಗಳ ಒಂದಿಡೀ ಲೈನನ್ನು ನೋಡಿಕೊಳ್ಳುತ್ತಿದ್ದವಳು ಅವಳೇ. ಯಾವ ಹುಡುಗಿಯ ಮಿಷನ್ ಕೈಕೊಟ್ಟರೂ, ಯಾರು ಮನೆಯಲ್ಲಿ ಜಗಳವಾಡಿ ಅಳುತ್ತಾ ಬಂದರೂ ಮೊದಲು ಎದ್ದು ಹೋಗುತ್ತಿದ್ದಳು. ಕೆಲಸ ಹೋದ ಮೇಲೆ ಗಂಡ ಬಸವಯ್ಯನ ಜೊತೆ ಕುರಿ ಹಿಂದೆ ಹೋಗತೊಡಗಿದಳು. ಮಾತು ಕಮ್ಮಿಯಾಯಿತು.

ಬಿಡದಿಯಲ್ಲಿ ಹೊಸ ಗಾರ್ಮೆಂಟ್ಸ್ ಶುರುವಾಗುತ್ತದೆ, ಲೈನ್ ಸೂಪರ್‌ವೈಸರ್‌ಗಳು ಬೇಕಂತೆ ಎಂಬ ಸುದ್ದಿ ತಂದವಳು ಹಳೆಯ ಗೆಳತಿ ಶರ್ಫುನ್ನೀಸಾ.

"ರೆಸ್ಯೂಮೆ ತರ್ಬೇಕಂತೆ ಕಣೇ ರತ್ನಾ."

"ಅಂಗಂದ್ರೇನೇ?"

"ನಾವ್ಯಾರು, ಇಲ್ಲೀಗಂಟ ಏನ್ ಮಾಡಿದ್ವಿ ಅಂತ ಬರ್ಸ್ಕೊಂಡ್ ಓಗದು. ನಿನ್ ಮಗಳು ಓದ್ತಾವ್ಳಲ್ಲ, ಅವಳಿಗೆ ಯೋಳು."

ಮಗಳು ಅನು ಬಿ.ಕಾಂ. ಕೊನೆಯ ವರ್ಷದಲ್ಲಿದ್ದಳು. ಅದೇ ತಿಂಗಳು ಕಾಲೇಜಿಗೆ ಬಂದಿದ್ದ ತರಬೇತುದಾರರೊಬ್ಬರು ಇಡೀ ದಿನ ರೆಸ್ಯೂಮೆ ಬಗ್ಗೆಯೇ ಪಾಠ ಮಾಡಿದ್ದರು. ಒಂದೇ ಹಾಳೆಯಲ್ಲಿ ಮುಗಿಸಿ. ಮಾಡಿದ ಕೆಲಸವನ್ನು ಸಂಕೋಚವಿಲ್ಲದೆ ಹೇಳಿ. ನಡುವೆ ವರ್ಷಗಳು ಖಾಲಿ ಬಿದ್ದಿದ್ದರೆ ಓದುವವರಿಗೆ ಅನುಮಾನ ಬರುತ್ತದೆ, ಆದ್ದರಿಂದ ಇದ್ದ ಕಾರಣ ಬರೆಯಿರಿ. ಅನು ಎಲ್ಲವನ್ನೂ ಬರೆದುಕೊಂಡಿದ್ದಳು, ಕೊನೆಯ ಮಾತಿನ ಅರ್ಧವನ್ನು ಬಿಟ್ಟು.

ಅಮ್ಮ ಅವರೆಕಾಯಿ ಸುಲಿಯುತ್ತಾ ಕೂತಳು. ಮಗಳು ಫೋನಿನಲ್ಲೇ ಟೈಪ್ ಮಾಡುತ್ತಾ ಕೇಳುತ್ತಾ ಹೋದಳು. ಲೈನಿನ ಕೆಲಸ ಚೆನ್ನಾಗಿಯೇ ಬಂತು. ವರ್ಷಗಳನ್ನು ಜೋಡಿಸುವಾಗ ಒಂದು ಕಡೆ ತಡೆಯಿತು.

"ಇಲ್ಲೆರಡು ವರ್ಷ ಎಲ್ಲಿದ್ದೆ?"

"ಎಲ್ಲೂ ಇಲ್ಲ ಕಣವ್ವ. ಮನೇಲೇ. ನಿನ್ ಕಾಲು..."

ಅನುವಿಗೆ ಆಗ ಎಂಟು ವರ್ಷ. ರಸ್ತೆ ದಾಟುವಾಗ ಟೆಂಪೋ ಹೊಡೆದು ಕಾಲಿನ ಮೂಳೆ ಪುಡಿಯಾಗಿತ್ತು. ಆಪರೇಷನ್ ಮೇಲೆ ಆಪರೇಷನ್. ಮುನಿರತ್ನಮ್ಮ ಕೆಲಸ ಬಿಟ್ಟು ಮಗಳನ್ನು ಬೆನ್ನ ಮೇಲೆ ಹೊತ್ತೇ ಶಾಲೆಗೆ ಬಿಟ್ಟು, ಹೊತ್ತೇ ಕರೆತಂದಿದ್ದಳು.

"ಅದನ್ನೆಲ್ಲ ಇದರಲ್ಲಿ ಬರೆಯೋಕಾಗಲ್ಲಮ್ಮ," ಎಂದಳು ಅನು. ಬೆಂಗಳೂರಿನ ಪೀಣ್ಯದಲ್ಲಿ ಇತ್ತೆಂದು, ಇಲ್ಲದ ಒಂದು ಗಾರ್ಮೆಂಟ್ಸಿನ ಹೆಸರನ್ನು ತಾನೇ ಕಟ್ಟಿ ಹಾಕಿ ಆ ಎರಡು ವರ್ಷವನ್ನು ತುಂಬಿದಳು. ಆಮೇಲೆ ಪೂರ್ತಿ ಓದಿ ಹೇಳಿದಳು. ಅಮ್ಮನ ಕೈ ನಿಂತಿತು.

"ಸುಳ್ಳ್ಯಾಕವ್ವ? ಮಗೀಗೆ ಉಷಾರಿರ್ಲಿಲ್ಲ ಅಂತ ಇದ್ದಂಗೇ ಬರಿ."

"ನಿನಗೆ ಗೊತ್ತಾಗಲ್ಲ, ಸುಮ್ನಿರು. ಖಾಲಿ ಬಿಟ್ರೆ ನೋಡೋದೇ ಇಲ್ಲ ಅವರು."

ಮುನಿರತ್ನಮ್ಮ ಏಳನೇ ಕ್ಲಾಸು ಓದಿದವಳು. ಮಗಳಿಗೆ ತಿಳಿದಿರುತ್ತದೆ ಎಂದುಕೊಂಡು ಮತ್ತೆ ಅವರೆಕಾಯಿ ಸುಲಿಯತೊಡಗಿದಳು.

ಇಂಟರ್ವ್ಯೂ ದಿನ ಮೊದಲ ಬಸ್ಸಿಗೇ ಇಬ್ಬರು ಗೆಳತಿಯರೂ ಹೋದರು. ಸಂಜೆ ಬಂದ ಅಮ್ಮ ಸೀರೆ ಬದಲಿಸಿ ನೇರ ಒಲೆಯ ಹತ್ತಿರ ಹೋದಳು.

"ಏನಾಯ್ತಮ್ಮ?"

"ಆಗ್ಲಿಲ್ಲ ಕಣವ್ವ. ವಯಸ್ಸಾಯ್ತಂತೆ. ಶರ್ಫೂಗೆ ಆಯ್ತು, ಬಿಡು."

ಅಮ್ಮನಿಗಿಂತ ಶರ್ಫುನ್ನೀಸಾ ದೊಡ್ಡವಳು. ಅನು ಅದನ್ನು ಯೋಚಿಸಲಿಲ್ಲ. ಕಂಪನಿಯವರನ್ನು ಬಾಯಿಗೆ ಬಂದಂತೆ ಬೈದಳು. ಮುಂದೆ ಅಮ್ಮ ಮಾಗಡಿಯಲ್ಲೇ ಒಂದು ಸಣ್ಣ ಶೆಡ್ಡಿನಲ್ಲಿ, ಹೊಲಿದ ಬಟ್ಟೆಯ ದಾರ ಕತ್ತರಿಸುವ ಕೆಲಸಕ್ಕೆ ಸೇರಿಕೊಂಡಳು.

ಪರೀಕ್ಷೆ ಮುಗಿದ ಮೇಲೆ ಒಂದು ಭಾನುವಾರ ಮಾಗಡಿ ಬಸ್ ಸ್ಟ್ಯಾಂಡಿನಲ್ಲಿ ಶರ್ಫುನ್ನೀಸಾ ಸಿಕ್ಕಳು. ಅನು ನಗುತ್ತಲೇ ಅಂದಳು, "ನಿಮ್ಮ ಕಂಪನಿಯವರಿಗೆ ನಮ್ಮಮ್ಮನ ವಯಸ್ಸೊಂದೇ ಕಂಡಿತಾ ಆಂಟಿ?"

ಶರ್ಫುನ್ನೀಸಾ ಕೈಯಲ್ಲಿದ್ದ ಚೀಲವನ್ನು ಕೆಳಗಿಟ್ಟಳು.

"ವಯಸ್ಸಾ? ನಿಮ್ಮವ್ವ ಯೋಳಿಲ್ವಾ? ಇಬ್ರುನ್ನೂ ಒಟ್ಟಿಗೇ ಕೂರ್ಸಿದ್ರು. ಆ ಮೇಡಂ ಪೀಣ್ಯದಲ್ಲೇ ಬಾಳಾ ವರ್ಷ ಇದ್ದೋರಂತೆ. ಹಾಳೇಲಿರೋ ಈ ಕಂಪ್ನಿ ಯಾವ ರಸ್ತೇಲಿತ್ತು, ಮ್ಯಾನೇಜರ್ ಯಾರು ಅಂತ ಕೇಳ್ಬುಟ್ರು. ನಿಮ್ಮವ್ವ ತಲೆ ಬಗ್ಗಿಸ್ಬುಟ್ಲು."

"ಆಮೇಲೆ?"

"ಆಮೇಲೆ, 'ಸುಳ್ಳು ನಂದೇ ಮೇಡಂ, ಮಗಳಿಗೆ ನಾನೇ ಅಂಗ್ ಯೋಳಿ ಬರ್ಸಿದ್ದು, ಅವಳಿಗೇನೂ ಗೊತ್ತಿಲ್ಲ' ಅಂದ್ಲು. ನಿನ್ ಕಾಲಿನ ಇಚಾರ ಆಗ ಯೋಳಿದ್ಲು. ಮೇಡಂಗೆ ಪಾಪ ಅನ್ನಿಸ್ತು. 'ಇದನ್ನೇ ಬರೆದಿದ್ದರೆ ನಿಮ್ಮನ್ನ ತಗೊಳ್ತಿದ್ದೆ, ಈಗ ಆಗಲ್ಲ' ಅಂದ್ರು. ನಾನೂ ಮಕ್ಕಳಿಗೋಸ್ಕರ ಕೆಲಸ ಬುಟ್ಟಿದ್ದೆ. ಅಂಗೇ ಬರ್ಸಿದ್ದೆ. ಯಾರೂ ಒಂದು ಮಾತು ಕೇಳ್ಲಿಲ್ಲ."

ಅನು ಮನೆಗೆ ಬಂದಾಗ ಅಮ್ಮ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಳು.

"ನನಗೆ ಯಾಕಮ್ಮ ಹೇಳಲಿಲ್ಲ?"

ಯಾವ ವಿಷಯವೆಂದು ಮುನಿರತ್ನಮ್ಮ ಕೇಳಲಿಲ್ಲ. ಹಿಂಡಿದ ಸೀರೆಯನ್ನು ಕೊಡವಿ ಹರವಿದಳು.

"ಪರೀಕ್ಷೆ ಇತ್ತಲ್ಲ ನಿಂಗೆ. ನೀನು ಒಳ್ಳೇದಕ್ಕೆ ತಾನೇ ಮಾಡಿದ್ದು?"

"ಇನ್ನೊಂದು ಬರೀತೀನಮ್ಮ. ಇದ್ದದ್ದು ಇದ್ದ ಹಾಗೇ."

"ಬರಿ," ಎಂದಳು ಅಮ್ಮ. ಆಮೇಲೆ ಸಿಟ್ಟಿಲ್ಲದ ದನಿಯಲ್ಲಿ, "ಆ ಎರಡು ವರ್ಷ ಯೋಳ್ಕೊಳಕ್ಕೆ ನಂಗೇನೂ ನಾಚ್ಕೆ ಇರ್ಲಿಲ್ಲ ಕಣವ್ವ. ನಿಂಗ್ಯಾಕೆ ಅನ್ನಿಸ್ತೋ," ಎಂದಳು.

ಅನು ಬಕೆಟಿನಲ್ಲಿದ್ದ ಇನ್ನೊಂದು ಬಟ್ಟೆ ತೆಗೆದು ಹಿಂಡತೊಡಗಿದಳು. ಅಮ್ಮ ಬೈದಿದ್ದರೆ ಅತ್ತಾದರೂ ಮುಗಿಸಬಹುದಿತ್ತು.

ಮಾರನೆಯ ದಿನ ಯಾರಿಗೂ ಹೇಳದೆ ಬಿಡದಿಗೆ ಹೋದಳು. ಕೈಗಾರಿಕಾ ಪ್ರದೇಶದ ಗೇಟಿನಲ್ಲಿ ಬಹಳ ಹೊತ್ತು ಕಾದ ಮೇಲೆ ಆ ಮೇಡಂ ಹೊರಗೆ ಬಂದರು. ಅನು ನಿಂತಲ್ಲೇ ಎಲ್ಲವನ್ನೂ ಹೇಳಿದಳು. ಅಮ್ಮ ಬೇಡವೆಂದಿದ್ದು, ತಾನು ಬಾಯಿ ಮುಚ್ಚಿಸಿದ್ದು, ಅಮ್ಮ ತಪ್ಪನ್ನು ತನ್ನ ಮೇಲೆ ಹಾಕಿಕೊಂಡದ್ದು. ಹೊಸ ಹಾಳೆಯನ್ನು ಕೊಟ್ಟಳು. ಅವರು ಅಲ್ಲೇ ನಿಂತು ಕೊನೆಯವರೆಗೂ ಓದಿದರು.

"ಅವತ್ತೇ ಇದು ಬಂದಿದ್ದರೆ ಚೆನ್ನಾಗಿತ್ತಮ್ಮ. ಈಗ ಜಾಗ ತುಂಬಿಹೋಗಿದೆ. ಮುಂದೆ ಖಾಲಿಯಾದರೆ ನೋಡೋಣ." ಮಾತು ಮೆತ್ತಗಿತ್ತು. ಮುಂದೆ ಅಲ್ಲಿಂದ ಫೋನ್ ಬರಲೇ ಇಲ್ಲ.

ಅವತ್ತು ಮೇಡಂ ಒಳಗೆ ಹೋಗುವಷ್ಟರಲ್ಲಿ ಶಿಫ್ಟ್ ಮುಗಿದು ಹೆಂಗಸರು ಗುಂಪುಗುಂಪಾಗಿ ಹೊರಬಂದರು. ಮಾಗಡಿಯ ಬಸ್ಸು ಬಂತು. ಕಿಟಕಿಯ ಪಕ್ಕ ಕೂತ ಶರ್ಫುನ್ನೀಸಾ ಅನುವನ್ನು ಕಂಡು, ಪಕ್ಕದ ಸೀಟನ್ನು ಬಡಿದು ತೋರಿಸಿ, "ಬಾರವ್ವ, ಜಾಗ ಐತೆ!" ಎಂದು ಕೂಗಿದಳು.

ಅಮ್ಮ ಕೂರಬೇಕಿದ್ದ ಜಾಗ ಅದು. ಅನು ಕೈಬೀಸಿದಳೇ ಹೊರತು ಹತ್ತಲಿಲ್ಲ. ಮುಂದಿನ ಬಸ್ಸಿಗೆ ಬರುತ್ತೇನೆ ಎಂದು ಸನ್ನೆ ಮಾಡಿ, ಧೂಳೆದ್ದ ರಸ್ತೆಯ ಪಕ್ಕ ನಿಂತುಕೊಂಡಳು.